ಬಿಗಿ ಮಾಡಿ ಕೆಟ್ಟೆ

ಹಳೆಯ ಜೀಪಿನ ಸ್ಟೇರಿಂಗ್‌ನಲ್ಲಿ ಪ್ಲೇ ಕಂಡ ಕೂಡಲೇ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡುವವರ ಪಂಗಡಕ್ಕೆ ನಾನೂ ಸೇರಿದ್ದೆ. ಮಲೆನಾಡಿನ ನಮ್ಮ ತೋಟದ ಜೀಪು ವಿಲ್ಲೀಸ್ ಸಿಜೆ-3ಬಿ ನಮೂನೆಯದು. 1953ರಲ್ಲಿ ಅಮೆರಿಕದಲ್ಲಿ ಬಂದ ಆ ವಿನ್ಯಾಸವನ್ನು ಮಹೀಂದ್ರದವರು ಇಲ್ಲಿ ದಶಕಗಳ ಕಾಲ ತಯಾರಿಸಿದರು. ಸ್ಟೇರಿಂಗನ್ನು ಅಂಗೈಯಗಲ ಆಡಿಸಿದರೂ ಗಾಲಿ ಅಲುಗುತ್ತಿರಲಿಲ್ಲ. ಬಾಕ್ಸಿನ ಪಕ್ಕದ ಸ್ಕ್ರೂ ಸುಲಭವಾಗಿ ಕೈಗೆ ಸಿಗುತ್ತದೆ. ಗಾಡಿಯ ಕೆಳಗೆ ಮಲಗಿ ಬಟ್ಟೆ ಕೊಳೆ ಮಾಡಿಕೊಳ್ಳಬೇಕಿಲ್ಲ. ಲಾಕ್‌ನಟ್ ಸಡಿಲಿಸಿ, ಪ್ಲೇ ಹೋಗುವವರೆಗೂ ತಿರುಗಿಸಿದೆ.

ಘಾಟಿಯಲ್ಲಿ ಗ್ರಹಚಾರ ಬಿಡಿಸಿತು. ತಿರುವು ದಾಟಿದ ಮೇಲೆ ತಾನಾಗಿ ನೇರಕ್ಕೆ ಮರಳಬೇಕಾದ ಸ್ಟೇರಿಂಗ್ ತಿರುಗಿಸಿದಲ್ಲೇ ನಿಂತಿತು. ಎಳೆದು ನೇರ ಮಾಡುವಷ್ಟರಲ್ಲಿ ಮುಂದಿನ ಗಾಲಿ ಚರಂಡಿಗೆ ಇಳಿದಿತ್ತು.

ಗಾಡಿ ಹೆಚ್ಚಾಗಿ ಓಡುವುದು ನೇರಕ್ಕೆ. ಹಾಗಾಗಿ ಬಾಕ್ಸಿನೊಳಗಿನ ಕ್ಯಾಮ್ ನಡುವೆ ಸವೆಯುತ್ತದೆ, ತುದಿಗಳಲ್ಲಿ ಅಷ್ಟು ಸವೆಯುವುದಿಲ್ಲ. ನಡುವಿನ ಸಡಿಲ ನೋಡಿ ಬಿಗಿದರೆ ತುದಿಗೆ ಹೋದಾಗ ಹಿಡಿದುಕೊಳ್ಳುತ್ತದೆ. ಇಷ್ಟಾಗಿಯೂ ನಮ್ಮ ಜೀಪಿನ ಪ್ಲೇ ಬಹುಪಾಲು ಇದ್ದದ್ದು ಬಾಕ್ಸಿನಲ್ಲಲ್ಲ. ಅದು ಗೊತ್ತಾದದ್ದು ಜೀಪನ್ನು ಮೇಸ್ತ್ರಿಗೆ ತೋರಿಸಿದಾಗ.

"ಸಾರ್, ನೀವು ಮೇಲೆ ಕೂತು ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಆಡಿಸ್ತಾ ಇರಿ" ಎಂದು ಮೇಸ್ತ್ರಿ ಕೆಳಗೆ ತೂರಿಕೊಂಡ. ಗಾಡಿ ನೆಲದ ಮೇಲೆ ನಿಂತಿರಬೇಕು, ಎಂಜಿನ್ ಬಂದ್ ಆಗಿರಬೇಕು. ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈರಾಡ್ ಎಂಡ್ ಎಂದು ಒಂದೊಂದೇ ಕೀಲನ್ನು ಬೆರಳಿಟ್ಟು ನೋಡಿದ. ಕೀಲಿನ ಈಚೆ ಬದಿ ಅಲುಗಿ ಆಚೆ ಬದಿ ಸುಮ್ಮನಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಸಿಕ್ಕಿದ್ದು ಬೆಲ್ ಕ್ರ್ಯಾಂಕ್. ಗ್ರೀಸು ಕಾಣದೆ ಅದರ ನೀಡಲ್ ಬೇರಿಂಗು ಪುಡಿಯಾಗಿತ್ತು. ಆಮೇಲೆ ಜಾಕ್ ಕೊಟ್ಟು, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ನಮ್ಮದು ನಿಲ್ಲಲಿಲ್ಲ.

ಬೆಲ್ ಕ್ರ್ಯಾಂಕಿನ ಬೇರಿಂಗು, ಪಿನ್ನು, ಒಂದು ಟೈರಾಡ್ ಎಂಡ್ ಬದಲಾದವು. ಕಿಂಗ್ ಪಿನ್ ಬೇರಿಂಗಿಗೆ ಶಿಮ್ ಸರಿಪಡಿಸಿದ್ದಾಯಿತು. ಬಾಕ್ಸಿನ ಸರದಿ ಬಂದದ್ದು ಕಡೆಗೆ. ಡ್ರ್ಯಾಗ್ ಲಿಂಕ್ ಕಳಚಿ, ಸ್ಟೇರಿಂಗನ್ನು ನಡುವಿಗೆ ತಂದು, ತುದಿಯಿಂದ ತುದಿಗೆ ಹಿಡಿಯದೆ ತಿರುಗುವಷ್ಟೇ ಬಿಗಿದ. ನಡುವೆ ಒಂದಿಷ್ಟು ಪ್ಲೇ ಉಳಿಯಿತು. ಅದನ್ನೂ ತೆಗೆಯಬೇಕಾದರೆ ಕ್ಯಾಮ್ ಹೊಸದಾಗಬೇಕು, ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ.

ಪ್ಲೇ ಗೊತ್ತಾಗುವುದು ಕೈಗೆ; ಹುಟ್ಟುವುದು ಎಲ್ಲೋ ಗಾಲಿಯ ಬಳಿ. ಹಳೆಯ ಜೀಪು ಕೊಳ್ಳುವ ಗೆಳೆಯರಿಗೆ ಈಗ ಹೇಳುವುದಿಷ್ಟೇ: ಬೆಲೆ ಮಾತಾಡುವ ಮೊದಲು ಕೆಳಗೆ ಮಲಗಲು ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಸ್ಟೇರಿಂಗ್ ತೀರಾ ಬಿಗಿಯಾಗಿದ್ದರೆ ಇನ್ನೂ ಹೆಚ್ಚು ಹೊತ್ತು ಮಲಗಿಸಿ.