ಕಾಗಿಣಾ ದಂಡೆಯಲ್ಲಿ ಇಂಪಾಲಾ

ಮಳಖೇಡದ ಸೇತುವೆ ಆಗಲೇ ಮುಳುಗಿತ್ತು, ಕಲಬುರಗಿಯ ದಾರಿ ಬಂದ್. ಚಿಂಚೋಳಿಯ ಗುಡ್ಡಗಳಲ್ಲಿ ಹಗಲೆಲ್ಲ ಸುರಿದ ಮಳೆ ಮುಲ್ಲಾಮಾರಿ ಹಿಡಿದು ಕಾಗಿಣಾಕ್ಕೆ ನುಗ್ಗುತ್ತಿತ್ತು. ಸೇಡಂನಿಂದ ಬಂದವರು ಚಿತ್ತಾಪುರದತ್ತ ತಿರುಗಿ ಹಳ್ಳದ ತಗ್ಗಿಗೆ ಇಳಿದಿದ್ದೆವಷ್ಟೇ, ಬಾನೆಟ್ಟಿನೊಳಗೆ ಕರ್ರೆಂದು ಕಬ್ಬಿಣ ಕೆರೆಯುವ ಸದ್ದು!

‘ಬಂದ್ ಮಾಡ್ರಿ ಗಾಡಿ! ರಿಂಗ್ ಹಾರಿದ್ರ ರೇಡಿಯೇಟರ್ ಹರದು ಹೋಗ್ತದ!’ ಮಿಸ್ತ್ರಿ ಕೂಗಿದರು.

1964ರ ಶೆವರ್ಲೆ ಇಂಪಾಲಾ ಅದು. ಆರು ಸಿಲಿಂಡರಿನ 3.8 ಲೀಟರ್ ಎಂಜಿನ್. ಒಂದೊಂದು ಸಿಲಿಂಡರ್ ಸಿಡಿದಾಗಲೂ ಕ್ರ್ಯಾಂಕ್‌ಶಾಫ್ಟ್ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಸಡಿಲುತ್ತದೆ. ಆ ನಡುಕವನ್ನು ನುಂಗಲೆಂದೇ ಅದರ ಮುಂದಿನ ತುದಿಗೆ ಬ್ಯಾಲೆನ್ಸರ್ ಇರುತ್ತದೆ: ಒಳಗೆ ಹಬ್, ಹೊರಗೆ ಭಾರದ ಉಂಗುರ, ನಡುವೆ ಬೆಸೆದ ರಬ್ಬರ್. ನಮ್ಮ ಸೀಮೆಯ ಬಿಸಿಲು, ಎಂಜಿನ್ನಿನ ಕಾವು, ಜಿನುಗಿದ ಎಣ್ಣೆ ಎಲ್ಲ ಸೇರಿ ಆ ರಬ್ಬರನ್ನು ತಿಂದುಹಾಕಿದ್ದವು. ಉಂಗುರ ಹಿಂದಕ್ಕೆ ಸರಿದು ಟೈಮಿಂಗ್ ಗೇರಿನ ಕವರನ್ನು ಕೊರೆಯುತ್ತಿತ್ತು. ಹೀಗೇ ಓಡಿಸಿದರೆ ಒಂದು ದಿನ ಕ್ರ್ಯಾಂಕೇ ತುಂಡು.

ಹೊಸ ಬ್ಯಾಲೆನ್ಸರ್ ಡಿಕ್ಕಿಯಲ್ಲಿತ್ತು, ವಾಡಿಯ ಗ್ಯಾರೇಜಿನಲ್ಲಿ ಕೂಡಿಸಲೆಂದು ಒಯ್ಯುತ್ತಿದ್ದೆವು. ನೂಕೋಣವೆಂದರೆ ಒಂದೂವರೆ ಟನ್ನಿಗೂ ಮಿಕ್ಕಿದ ಗಾಡಿ, ಕೆಳಗೆ ಜಾರುವ ಕರಿ ಎರೆ. ಹಿಂದಿನ ಟೈರಿಗೆ ನೀರು ತಾಕಿತು.

‘ಇಲ್ಲೇ ಬಿಚ್ಚೂಣು.’

ಬ್ಯಾಟರಿ ದೀಪ ನನ್ನ ಕೈಯಲ್ಲಿ. ಹೋಸ್ ಕಿತ್ತರು, ಬೋಲ್ಟ್ ಬಿಚ್ಚಿದರು, ರೇಡಿಯೇಟರ್ ಎತ್ತಿ ದಂಡೆಗಿಟ್ಟರು. ಪುಲ್ಲರಿನ ಬೋಲ್ಟುಗಳು ಹಬ್ಬಿಗೆ, ನಡುವಿನ ಸ್ಕ್ರೂ ಕ್ರ್ಯಾಂಕಿಗೆ. ತಿರುವಿದರು. ಅಲುಗಲಿಲ್ಲ. ಪಾನಾಕ್ಕೆ ಪೈಪು ಹಾಕಿ ಇಬ್ಬರೂ ಜಗ್ಗಿದೆವು. ಠಣ್! ಹಳೆಯದು ಕಳಚಿತು. ನೀರು ಮೀನಖಂಡಕ್ಕೆ ಬಂದಿತ್ತು.

ಕಷ್ಟ ಇದ್ದದ್ದು ಮುಂದೆ. ಈ ಕ್ರ್ಯಾಂಕಿಗೆ ಹಬ್ಬನ್ನು ಹಿಡಿದಿಡುವ ಬೋಲ್ಟೇ ಇಲ್ಲ. ಹಬ್ ಬರೀ ಬಿಗಿತದಿಂದ ಕೂರಬೇಕು. ಉಂಗುರದ ಮೇಲೆ ಸುತ್ತಿಗೆ ಬಿದ್ದರೆ ಹೊಸ ರಬ್ಬರೂ ಹೋದಂತೆಯೇ. ಬೆಂಕಿಗೆ ಹಿಡಿದು ಹಿಗ್ಗಿಸೋಣವೆಂದರೆ ರಬ್ಬರ್ ಸುಡುತ್ತದೆ. ಕುದಿವ ನೀರಾದರೆ ತಡೆದೀತು. ದಿಬ್ಬದ ಮೇಲೆ ಚಹಾದಂಗಡಿಯ ದೀಪ ಕಂಡಿತು. ಬ್ಯಾಲೆನ್ಸರನ್ನು ಎದೆಗವಚಿಕೊಂಡು ಓಡಿದೆ.

‘ಅಣ್ಣಾ, ಇದನ್ನ ನಿಮ್ಮ ಪಾತೇಲದಾಗ ಕುದಿಸ್ಬೇಕ್ರಿ!’

ಅವರು ಯಾಕೆಂದು ಕೇಳಲೇ ಇಲ್ಲ. ಸ್ಟೋವಿಗೆ ಪಂಪು ಹೊಡೆದರು, ಕುದಿಬಂದ ಪಾತೇಲವನ್ನು ಗೋಣಿಚೀಲದಲ್ಲಿ ಹಿಡಿದು ನನ್ನೊಂದಿಗೆ ತಗ್ಗಿಗಿಳಿದರು; ಬರುವಾಗ ಮಗನ ಹೆಗಲ ಮೇಲೆ ಎರಡು ಶಹಾಬಾದ್ ಪರ್ಸಿಗಳನ್ನೂ ಹೊರಿಸಿದ್ದರು, ಚಕ್ರದ ಅಡಿಗೆಂದು. ಅಂಥ ಬುದ್ಧಿ ನಮಗೆ ಹೊಳೆದಿರಲಿಲ್ಲ.

ಮಿಸ್ತ್ರಿ ಹಬ್ಬಿನ ತೋಡನ್ನು ಕ್ರ್ಯಾಂಕಿನ ಕೀಗೆ ಬೆರಳಿನಿಂದಲೇ ಹೊಂದಿಸಿದರು. ಹಬ್ಬಿನ ನಟ್ಟನಡುವೆ ಜಾಲಿ ಮರದ ತುಂಡು, ಅದರ ಮೇಲೆ ಸಣ್ಣ ಸಣ್ಣ ಏಟು. ಹಬ್ ತಣಿಯುವುದರೊಳಗೆ ಕೂರಬೇಕು. ಇನ್ನೊಂದಿಷ್ಟು. ಇನ್ನೂ ಒಂದಿಷ್ಟು. ಏಟಿನ ಸದ್ದು ಬದಲಾಯಿತು, ಗಟ್ಟಿಯಾಯಿತು. ‘ಕೂತದ!’

ರೇಡಿಯೇಟರ್ ಏರಿಸಿ, ಬೆಲ್ಟ್ ಹಾಕಿ, ಹಳ್ಳದ ಕೆಂಪು ನೀರನ್ನೇ ಟವೆಲಿನಲ್ಲಿ ಸೋಸಿ ತುಂಬಿದೆವು. ಸೈಲೆನ್ಸರಿನ ಬಾಯಿಗೆ ನೀರು ನಾಲ್ಕು ಬೆರಳು ಬಾಕಿ. ಚಾವಿ ತಿರುವಿದೆ. ಕೆಮ್ಮಿತು. ಮತ್ತೆ ತಿರುವಿದೆ. ಆರೂ ಸಿಲಿಂಡರ್ ಒಟ್ಟಿಗೆ ಹಿಡಿದವು. ಸ್ಟೀರಿಂಗಿನಲ್ಲಿದ್ದ ಹಳೆಯ ನಡುಕ ಮಾಯ! ಚಕ್ರ ಪರ್ಸಿಯನ್ನು ಕಚ್ಚಿತು, ಗಾಡಿ ದಿಬ್ಬ ಹತ್ತಿತು.

ಚಿತ್ತಾಪುರ ದಾಟಿ ಬೆಳಗಿನ ಜಾವ ವಾಡಿ ಮುಟ್ಟಿದೆವು, ನಿಜಾಮನ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನ ರೈಲು ಹಳಿ ಬಂದು ಕೂಡಿದ ಊರು. ಮಿಸ್ತ್ರಿ ಮಲಗಲಿಲ್ಲ. ಟೈಮಿಂಗ್ ಲೈಟ್ ತಂದು ಹೊಸ ಉಂಗುರದ ಗೆರೆಗೆ ಹಿಡಿದರು. ಹಳೆಯ ಉಂಗುರ ಸರಿಯುತ್ತ ಬಂದು ತಪ್ಪು ಗೆರೆ ತೋರಿಸಿತ್ತು. ಚಿಂಚೋಳಿಯ ಏರಿನಲ್ಲಿ ಎಂಜಿನ್ ಬಡಿದುಕೊಂಡದ್ದು ಅದಕ್ಕೇ. ಡಿಸ್ಟ್ರಿಬ್ಯೂಟರನ್ನು ತುಸು ತಿರುವಿ ಬಿಗಿದು, ರೇಡಿಯೇಟರಿನ ಕೆಸರು ನೀರು ಬಸಿಯಲು ಕೆಳಗಿನ ಹೋಸಿಗೆ ಕೈ ಹಾಕಿದರು.