ಆರನೇ ದಿನದ ಲೆಕ್ಕ

ಮಂಗಳೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿದವರಿಗೆ ಕರ್ನಾಟಕ ಮುಗಿಯಿತೆಂದು ತಿಳಿಸುವುದು ಬೋರ್ಡಲ್ಲ, ರಸ್ತೆ. ತಲಪಾಡಿಯ ಟೋಲ್‌ಗೇಟಿನ ತನಕ ನಾಲ್ಕು ಪಥದಲ್ಲಿ ಬಂದ ಬಸ್ಸು ಗಡಿ ದಾಟಿದ್ದೇ ಆರು ಪಥಕ್ಕೆ ಏರುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ ಈ 39 ಕಿ.ಮೀ. ರಸ್ತೆಯನ್ನು ಮಾಡಿದ್ದು ಊರಾಳುಂಗಲ್ ಎಂಬ ಕಾರ್ಮಿಕರ ಸಹಕಾರಿ ಸಂಘ. 1925ರಲ್ಲಿ ಕೂಲಿಕಾರರು ಸೇರಿ ಕಟ್ಟಿಕೊಂಡದ್ದು. ಇದೇ ತಲಪಾಡಿಯಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆ ಬದಿಯಲ್ಲಿ ಸಿಕ್ಕಿಬಿದ್ದು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಈಗ ಬಸ್ಸಿನಲ್ಲಿ ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ. ಕಂಡಕ್ಟರು ಮಾತ್ರ ತುಳುವಿನಿಂದ ಮಲಯಾಳಕ್ಕೆ ಹೊರಳಿದ.

ನಾನು ಹೊರಟದ್ದು ಗೆಳೆಯನ ಬಾಲವಾಗಿ. ಅವನು ಕಲಿತ ಹೈಸ್ಕೂಲು ಬದಿಯಡ್ಕದಿಂದ ಇನ್ನೂ ಒಳಗಿದೆ. ಆ ಶಾಲೆ ತನ್ನ ಸಾಧಕ ಹಳೆ ವಿದ್ಯಾರ್ಥಿಗಳನ್ನು ಕರೆದು ಅಭಿನಂದಿಸುವುದೆಂದು ತೀರ್ಮಾನಿಸಿತ್ತು. ಗೆಳೆಯ ಅಂತರ್ಜಲದ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಎಲ್ಲಿ ಬೋರ್‌ವೆಲ್ ತೋಡಬಾರದು ಎಂದು ಸರ್ಕಾರಗಳಿಗೆ ಹೇಳುವುದೇ ಅವನ ಜೀವಮಾನದ ಉದ್ಯೋಗವಾಗಿತ್ತು. ಯಾರೂ ಕೇಳಲಿಲ್ಲ ಎನ್ನುವುದು ಬೇರೆ ಮಾತು. ವಾಟ್ಸ್ಆ್ಯಪ್‌ನಲ್ಲಿ ಆಮಂತ್ರಣ ಬಂದಾಗ, "ನಾನೆಂಥ ಸಾಧಕ ಮಾರಾಯ, ಇವರಿಗೆ ಬೇರೆ ಜನ ಸಿಕ್ಕಲಿಲ್ಲವಾ?" ಎಂದು ಗೊಣಗಿದ. ಹಾಗೆ ಗೊಣಗುತ್ತಲೇ ಹೊಸ ಅಂಗಿ ಹೊಲಿಸಿಕೊಂಡ.

ಮಂಜೇಶ್ವರ ಬರುವಾಗ ಅವನು ಕಿಟಕಿಯಾಚೆ ಕೈ ತೋರಿಸಿ "ಗಿಳಿವಿಂಡು" ಎಂದ. ಗೋವಿಂದ ಪೈಗಳ ಮನೆ ಈಗ ಸ್ಮಾರಕವಾಗಿರುವುದು ಆ ಹೆಸರಿನಲ್ಲಿ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸು ಸರ್ಕಾರ. ಆಗ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲೇ ಹೇಳಿತು. ಹೇಳಿದ್ದು ವರದಿಯಲ್ಲಿದೆ, ಊರು ಇದ್ದಲ್ಲೇ ಇದೆ.

ಕುಂಬಳೆಯಲ್ಲಿ ಇಳಿದು ಇನ್ನೊಂದು ಬಸ್ಸು. ಯಕ್ಷಗಾನ ಬಲ್ಲವರಿಗೆ ಇದು ಪಾರ್ತಿಸುಬ್ಬನ ಊರು, ಉಳಿದವರಿಗೆ ಅನಿಲ್ ಕುಂಬ್ಳೆಯ ಹೆಸರಿನಲ್ಲಿರುವ ಊರು. ಕುಂಬ್ಳೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಕಾಸರಗೋಡಿನಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ಹೆಸರು ಮಾಡಿದವನನ್ನು ತನ್ನವನೆಂದು ಕರೆದುಕೊಳ್ಳುವ ಆಸೆ ಊರಿಗೂ ಶಾಲೆಗೂ ಒಂದೇ ತೆರ. ಬದಿಯಡ್ಕದ ರಸ್ತೆ ಗುಡ್ಡೆ ಏರುತ್ತ, ಅನಂತಪುರದ ಸರೋವರ ದೇವಸ್ಥಾನಕ್ಕೆ ಹೋಗುವ ದಾರಿಯನ್ನು ಬದಿಗಿಟ್ಟು, ಸೀತಾಂಗೋಳಿಯ ಎಚ್‌ಎಎಲ್ ಕಾರ್ಖಾನೆಯನ್ನು ದಾಟಿ, ನೀರ್ಚಾಲಿಗೆ ಇಳಿಯುತ್ತದೆ. ಮುರಕಲ್ಲಿನ ಬೋಳು ಗುಡ್ಡೆ, ಅದರ ಬುಡದಲ್ಲಿ ಹಸಿರು ಕಪ್ಪಾಗುವಷ್ಟು ದಟ್ಟ ಅಡಿಕೆ ತೋಟ. ಗುಡ್ಡೆ ಒಣಗಿ ನಿಂತಿರುವಾಗ ಬುಡಕ್ಕೆ ಎಲ್ಲಿಯ ನೀರು ಎಂದು ಕೇಳಿದೆ. "ಸಂಜೆ ತೋರಿಸ್ತೇನೆ" ಎಂದ.

ಪೆರಡಾಲ ಬಂದಾಗ ಅವನು ಸುಮ್ಮನಾದ. ಕಯ್ಯಾರ ಕಿಞ್ಞಣ್ಣ ರೈಗಳು ಮಾಷ್ಟ್ರಾಗಿದ್ದ ನವಜೀವನ ಹೈಸ್ಕೂಲು ಇಲ್ಲಿಯದು. 1969ರಲ್ಲಿ ರಾಷ್ಟ್ರದ ಉತ್ತಮ ಶಿಕ್ಷಕ ಪ್ರಶಸ್ತಿ, 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2015ರಲ್ಲಿ ನೂರು ತುಂಬಿಸಿ ತೀರಿಕೊಂಡದ್ದು, ಇವೆಲ್ಲ ಪುಸ್ತಕದಲ್ಲಿ ಸಿಗುವ ಸಂಗತಿಗಳು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯ ತನಕ ಹಟ ಹಿಡಿದ ಆ ಕವಿಗೆ ದಿನನಿತ್ಯದ ಕೆಲಸವೆಂದರೆ ಹಳ್ಳಿ ಮಕ್ಕಳಿಗೆ ಪಾಠ ಹೇಳುವುದು. ಹೋರಾಟಕ್ಕೆ ಗಡಿ ಸಿಕ್ಕಲಿಲ್ಲ, ಪಾಠಕ್ಕೆ ಮಕ್ಕಳು ಸಿಕ್ಕರು. ಎರಡರಲ್ಲಿ ಯಾವುದು ಹೆಚ್ಚು ಬಾಳಿತು ಎಂದು ನನ್ನನ್ನು ಕೇಳಿದರೆ ಎರಡನೆಯದನ್ನೇ ಹೇಳುತ್ತೇನೆ.

ನಾವು ಹೋದ ಶಾಲೆ ಅಷ್ಟು ಹೆಸರುವಾಸಿಯದ್ದಲ್ಲ. ಹಂಚಿನ ಮಾಡಿನ ಹಳೆಯ ಕಟ್ಟಡ, ಪಕ್ಕದಲ್ಲಿ ತಾರಸಿಯ ಹೊಸದು, ನಡುವಿನ ಅಂಗಳದಲ್ಲಿ ಶಾಮಿಯಾನ. ಗೇಟಿನ ಬಳಿ ಆಳೆತ್ತರದ ಫ್ಲೆಕ್ಸು. ಅದರ ಮೇಲೆ ಸಾಧಕರ ಭಾವಚಿತ್ರ, ಹೆಸರು, ಹುದ್ದೆ, ಶಾಲೆ ಬಿಟ್ಟ ವರ್ಷ. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ "ನಮ್ಮ ಕನ್ನಡ ಮಾಧ್ಯಮದ ಹೆಮ್ಮೆ". ಖಾಕಿ ತೊಟ್ಟ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಮಕ್ಕಳು ಸೆಲ್ಯೂಟ್ ಹೊಡೆದರು. ಗೆಳೆಯ ಗಲಿಬಿಲಿಗೊಂಡು ಕೈಮುಗಿದ.

ಸಭೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ತಡವಾಗಿ ಬಂದು ಬೇಗ ಹೊರಟ ಜನಪ್ರತಿನಿಧಿ. ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟರು. ಮಂಗಳೂರಿನ ವೈದ್ಯರು, ಮುಂಬಯಿಯ ಲೆಕ್ಕ ಪರಿಶೋಧಕರು, ನನ್ನ ಗೆಳೆಯ, ಎಂಟನೇ ತರಗತಿಗೇ ಶಾಲೆ ಬಿಟ್ಟು ಮೇಳ ಸೇರಿದ ಮದ್ದಳೆಗಾರರು, ಗಲ್ಫ್‌ನ ಆಸ್ಪತ್ರೆಯಲ್ಲಿ ದುಡಿದು ಮರಳಿದ ನರ್ಸಮ್ಮ. ಮದ್ದಳೆಗಾರರನ್ನು ಸೇರಿಸಿದ್ದು ನನಗೆ ಹಿಡಿಸಿತು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಈ ಶಾಲೆಯ ತಂಡವನ್ನು ವರ್ಷ ವರ್ಷವೂ ತಯಾರು ಮಾಡುವವರು ಇವರೇ ಎಂದು ಆಮೇಲೆ ತಿಳಿಯಿತು.

ವೈದ್ಯರೂ ಲೆಕ್ಕ ಪರಿಶೋಧಕರೂ ಕನ್ನಡ ಮಾಧ್ಯಮವನ್ನು ಬಾಯಿ ತುಂಬ ಹೊಗಳಿದರು. ಅವರ ಮಕ್ಕಳು ಯಾವ ಮಾಧ್ಯಮದಲ್ಲಿ ಕಲಿತರೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ಕೇಳುವುದು ಸೌಜನ್ಯವೂ ಅಲ್ಲ. ಹಿಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಕೇಳಿಯೇಬಿಟ್ಟರು, ನನಗೂ ಕೇಳಿಸಿತು.

ಮಾತೆಂದರೆ ನರ್ಸಮ್ಮನದು. ಭಾಷಣ ಅಂತ ಬರೆದು ತಂದಿರಲಿಲ್ಲ. "ನನ್ನ ಬೆಂಚಿನಲ್ಲಿ ಈಚೆಯವಳು ತುಳು, ಆಚೆಯವಳು ಬ್ಯಾರಿ, ಹಿಂದಿನ ಬೆಂಚಿನವಳು ಮರಾಠಿ. ನಮ್ಮ ಮನೆಯಲ್ಲಿ ಮಲಯಾಳ. ಕನ್ನಡ ಇದ್ದದ್ದು ಕರಿಹಲಗೆಯ ಮೇಲೆ ಮಾತ್ರ. ಅಲ್ಲಿ ಆಸ್ಪತ್ರೆಯಲ್ಲಿ ಯಾವ ದೇಶದ ರೋಗಿ ಯಾವ ಭಾಷೆಯಲ್ಲಿ ಅತ್ತರೂ ನನಗೆ ಹೆದರಿಕೆ ಆಗಲಿಲ್ಲ. ಗೊತ್ತಿಲ್ಲದ ಭಾಷೆಯವರ ಪಕ್ಕ ಕೂತು ಅಭ್ಯಾಸ ಇತ್ತಲ್ಲ" ಎಂದರು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಎಂದು ವೇದಿಕೆಗಳಲ್ಲಿ ಕರೆಯುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅದರಿಂದ ಒಬ್ಬರಿಗೆ ಏನು ಸಿಕ್ಕಿತೆಂಬುದನ್ನು ಕೇಳಿದ್ದು ಇಲ್ಲಿಯೇ.

ಊಟಕ್ಕೆ ಕೂತಾಗ ನನ್ನ ಪಕ್ಕಕ್ಕೆ ಬಂದವರು ಕನ್ನಡದ ಟೀಚರು. ಮೇಲಾರ ಬಡಿಸಿಕೊಳ್ಳುತ್ತ ಕೇಳಿದೆ: "ಇಷ್ಟು ವರ್ಷ ಇಲ್ಲದ ಸನ್ಮಾನ ಈಗ ಯಾಕೆ ಟೀಚರ್?" ಅವರು ನಕ್ಕರು. "ಜೂನ್‌ಗೆ" ಎಂದರು.

ಕೇರಳದಲ್ಲಿ ಹೈಸ್ಕೂಲು ಎಂದರೆ ಎಂಟರಿಂದ ಹತ್ತು. ಶಾಲೆ ತೆರೆದು ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆಂಬ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ. ಹಿಂದೆ ಅಧಿಕಾರಿಗಳು ಬಂದು ತಲೆ ಎಣಿಸುತ್ತಿದ್ದರು, ಈಗ ಆಧಾರ್ ಸಂಖ್ಯೆಯ ಮೇಲೆ. ಆ ಲೆಕ್ಕದ ಮೇಲೆಯೇ ತರಗತಿಗೆ ಎಷ್ಟು ಡಿವಿಜನ್, ಶಾಲೆಗೆ ಎಷ್ಟು ಶಿಕ್ಷಕರು ಎಂಬುದು ನಿಗದಿಯಾಗುವುದು. ಏಳನೇ ದಿನ ಹತ್ತು ಮಕ್ಕಳು ಬಂದು ಸೇರಿದರೂ ಆ ವರ್ಷದ ಲೆಕ್ಕಕ್ಕೆ ಅವರಿಲ್ಲ. ಮಕ್ಕಳು ಕಡಿಮೆಯಾದರೆ 'ಡಿವಿಜನ್ ಫಾಲ್'. ಒಂದು ಡಿವಿಜನ್ ಬಿದ್ದರೆ ಒಬ್ಬ ಶಿಕ್ಷಕರ ಹುದ್ದೆ ಅಲುಗಾಡುತ್ತದೆ, ಹುದ್ದೆ ಹೋದರೆ ಆ ವಿಷಯಕ್ಕೆ ಮಾಷ್ಟ್ರಿಲ್ಲ, ಮಾಷ್ಟ್ರಿಲ್ಲದ ಶಾಲೆಗೆ ಮರುವರ್ಷ ಮಕ್ಕಳಿಲ್ಲ. ಶಾಲೆ ಮುಚ್ಚುವುದು ಯಾರೋ ಬೀಗ ಹಾಕಿದ್ದರಿಂದ ಅಲ್ಲ, ಈ ಲೆಕ್ಕದಿಂದ. 2018ರಲ್ಲಿ ಬಂದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಸಿನಿಮಾದಲ್ಲಿ ಮುಚ್ಚಿದ ಶಾಲೆಯನ್ನು ಉಳಿಸಲು ಮಕ್ಕಳು ಹೋರಾಡುತ್ತಾರೆ. ನಿಜವಾದ ಕಥೆ ಅಷ್ಟು ಗದ್ದಲದ್ದಲ್ಲ ಎಂದು ಟೀಚರು ಹೇಳಿದರು.

"ಮೇ ತಿಂಗಳಿಡೀ ನಾವು ಮನೆ ಮನೆಗೆ ಹೋಗ್ತೇವೆ ಸರ್. ಏಳನೇ ಕ್ಲಾಸು ಮುಗಿಸಿದ ಮಕ್ಕಳ ಪಟ್ಟಿ ಹಿಡ್ಕೊಂಡು. ತಂದೆ ತಾಯಿ ಕೇಳುವುದು ಒಂದೇ, ಕನ್ನಡದಲ್ಲಿ ಕಲಿತರೆ ಮುಂದೆ ಎಂಥ ಆಗ್ತಾರೆ ಟೀಚರ್ ಅಂತ. ನಾವು ಎಂಥ ಹೇಳುವುದು? ಈ ಫ್ಲೆಕ್ಸ್ ಇನ್ನು ಜೂನ್ ತನಕ ಪೇಟೆಯ ಜಂಕ್ಷನ್‌ನಲ್ಲಿ ಇರ್ತದೆ."

ಊಟದೆಲೆಯ ಮುಂದೆ ನನಗೆ ಸಭೆಯ ಗುಟ್ಟು ತಿಳಿಯಿತು. ಶಾಲು, ಪೇಟಗಳ ಬಗ್ಗೆ ನನ್ನಲ್ಲಿದ್ದ ತಾತ್ಸಾರ ಅಲ್ಲಿಗೆ ಮುಗಿಯಿತು. ಪೇಟೆಯ ದೊಡ್ಡ ಕಾಲೇಜುಗಳು ಹಳೆಯ ವಿದ್ಯಾರ್ಥಿಗಳನ್ನು ಸನ್ಮಾನಿಸುವುದು ಕಟ್ಟಡದ ನಿಧಿಗೆ. ಈ ಶಾಲೆ ತನ್ನವರನ್ನು ಕರೆದದ್ದು ಸಾಕ್ಷಿ ಹೇಳಲು. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಿದ್ದರು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಮಕ್ಕಳೂ ಪಾಲಕರೂ ಪ್ರತಿಭಟಿಸಿದ್ದುಂಟು. ಅದು ಬೇಕಾದದ್ದೇ. ಆದರೆ ಎಂಟನೇ ತರಗತಿಯ ಬೆಂಚು ತುಂಬಿಸುವ ಕೆಲಸವನ್ನು ಪ್ರತಿಭಟನೆ ಮಾಡಿಕೊಡುವುದಿಲ್ಲ. ಆ ಮಕ್ಕಳ ಮನೆಯಂಗಳಕ್ಕೆ ಯಾರಾದರೂ ನಡೆದೇ ಹೋಗಬೇಕು.

ಸಂಜೆ ಗೆಳೆಯನ ಹಳೆಯ ಮನೆ. ಈಗ ಅಣ್ಣ ಇದ್ದಾರೆ. ತೋಟದ ಮೇಲ್ಬದಿಯಲ್ಲಿ ಗುಡ್ಡೆಯ ಬದಿಗೆ ಆಳೆತ್ತರದ ಒಂದು ತೂತು, ಅದರ ಬಾಯಿಯಿಂದ ಸಣ್ಣ ತೋಡಿನಲ್ಲಿ ನೀರು. ಸುರಂಗ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆಯುತ್ತ ಹೋಗಿ, ಒರತೆ ಸಿಕ್ಕಿದಲ್ಲಿಂದ ನೀರು ತಾನಾಗಿ ಇಳಿದು ಬರುವ ಹಾಗೆ ಮಾಡುವುದು. ಪಂಪು ಬೇಡ, ಕರೆಂಟು ಬೇಡ. ತೋಡುವವನು ಮೊಂಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದ. ಅದು ಆರಿದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದ. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಈಚೆಯ ಹಳ್ಳಿಗಳಲ್ಲೂ ಇಂಥವು ಬೇಕಾದಷ್ಟಿವೆ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು.

"ಭೂಗರ್ಭ ಶಾಸ್ತ್ರದ ಮೊದಲ ಪಾಠ ನಿನಗೆ ಇಲ್ಲೇ ಆಯಿತಾ?" ಎಂದೆ.

"ಇಲ್ಲಿ ನೀರು ಕುಡಿದದ್ದು ಮಾತ್ರ. ಇದು ಯಾಕೆ ಬರ್ತದೆ ಅಂತ ಕೇಳಿದ್ದು ಶಾಲೆಯಲ್ಲಿ. ವಿಜ್ಞಾನದ ಮಾಷ್ಟ್ರು ಇಡೀ ಕ್ಲಾಸನ್ನು ಇಲ್ಲಿಗೆ ಕರ್ಕೊಂಡು ಬಂದಿದ್ರು, ಮಳೆಗಾಲ ಮುಗಿದ ಮೇಲೆ. ನಮ್ಮ ಸುರಂಗದ ಬಗ್ಗೆ ಪುಸ್ತಕದ ಕನ್ನಡದಲ್ಲಿ ಮಾತಾಡಬಹುದು ಅಂತ ಗೊತ್ತಾದದ್ದು ಆಗ."

ಆ ಮಾಷ್ಟ್ರು ಈಗಿಲ್ಲ. ಅವರ ಭಾವಚಿತ್ರ ಫ್ಲೆಕ್ಸಿನಲ್ಲೂ ಇರಲಿಲ್ಲ. ಕಲಿಸಿದವರನ್ನು ಬಿಟ್ಟು ಕಲಿತವರನ್ನು ಮಾತ್ರ ಕೂರಿಸಿದ್ದು ಆ ಸಭೆಯ ಒಂದು ಕೊರತೆಯೆಂದೇ ನನ್ನ ಅಭಿಪ್ರಾಯ. ಗೆಳೆಯನಿಗೂ ಅದು ಚುಚ್ಚಿರಬೇಕು. ಮರುದಿನ ಕುಂಬಳೆಯ ಬಸ್ಸಿನಲ್ಲಿ ಟೀಚರಿಗೆ ಫೋನು ಮಾಡಿ, ಮೇ ತಿಂಗಳಲ್ಲಿ ಒಂದು ವಾರ ಬಂದು ಇರುವುದಾಗಿಯೂ ಪಟ್ಟಿ ಹಿಡಿದು ಅವರ ಜೊತೆ ಮನೆಗಳಿಗೆ ಬರುವುದಾಗಿಯೂ ಹೇಳಿದ. ಅವರು ನಂಬಿದಂತೆ ಕಾಣಲಿಲ್ಲ. ಸನ್ಮಾನ ಮಾಡಿಸಿಕೊಂಡು ಹೋದವರು ಹೀಗೆ ಹೇಳುವುದು ಅವರಿಗೆ ಹೊಸತಲ್ಲವಂತೆ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಕಲಿತು ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ನೆಲೆಸಿದವರು ಈ ಪತ್ರಿಕೆಯ ಓದುಗರಲ್ಲೂ ಇರಬಹುದು. ನಿಮ್ಮ ಶಾಲೆಯಿಂದ ಸನ್ಮಾನಕ್ಕೆ ಕರೆ ಬಂದರೆ ಖಂಡಿತ ಹೋಗಿ, ಶಾಲು ಹೊದಿಸಿಕೊಳ್ಳಿ. ಆದರೆ ರಜೆ ಹಾಕುವುದು ಒಂದೇ ಸಲ ಸಾಧ್ಯವೆಂದಾದರೆ ಸನ್ಮಾನದ ದಿನಕ್ಕೆ ಬೇಡ, ಮೇ ತಿಂಗಳಲ್ಲಿ ಹಾಕಿ. ಟೀಚರ ಜೊತೆ ನಾಲ್ಕು ಮನೆಗೆ ಹೋಗಿ, ನೀವು ಎಲ್ಲಿ ಕಲಿತಿರಿ, ಏನಾದಿರಿ ಎಂದು ಆ ತಂದೆತಾಯಿಗಳ ಎದುರು ಕೂತು ಹೇಳಿ. ಜೂನ್‌ನಲ್ಲಿ ಆರನೇ ದಿನ ಕಳೆದ ಮೇಲೆ ನೀವು ಹೋದರೂ ಆ ವರ್ಷಕ್ಕೆ ಪ್ರಯೋಜನವಿಲ್ಲ.