ಶನಿವಾರದ ಸ್ಪ್ಯಾನರ್

ನಮ್ಮೂರಲ್ಲಿ ಅಪ್ಪನದೊಂದು ರಾಗಿ ಮಿಲ್ ಇದೆ. ಬೀಸುವ ಯಂತ್ರವನ್ನು ಕಬ್ಬಿಣದ ಚೌಕಟ್ಟಿಗೆ ಹಿಡಿದಿರುವ ನಾಲ್ಕು ಬೋಲ್ಟುಗಳು ಅದುರಿ ಅದುರಿ ಸಡಿಲವಾಗುತ್ತಿದ್ದವು. ಪ್ರತಿ ಶನಿವಾರ ರಾತ್ರಿ ಬಾಗಿಲು ಹಾಕಿದ ಮೇಲೆ ಅಪ್ಪ ಸ್ಪ್ಯಾನರ್ ಹಿಡಿದು ಕೂರುತ್ತಿದ್ದರು, ನಾನು ಟಾರ್ಚ್ ಹಿಡಿಯುತ್ತಿದ್ದೆ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಇದ್ದೇ ಇರುತ್ತಿತ್ತು.

ಈಗ ನನ್ನ ಪಿಎಚ್.ಡಿ. ವಿಷಯವೇ ಕಂಪನ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಪ್ರಬಂಧ ಓದುವಾಗ ಆ ಶನಿವಾರಗಳು ನೆನಪಾದವು. ಬಿಗಿದ ಬೋಲ್ಟು ತುಸುವೇ ತುಸು ಹಿಗ್ಗುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಅದುಮಿ ಹಿಡಿಯುವುದು. ಅವು ಅಡ್ಡಡ್ಡ ಜಾರತೊಡಗಿದರೆ ಥ್ರೆಡ್ಡಿನ ಹಿಡಿತ ಸೋತು ನಟ್ಟು ತಾನಾಗಿಯೇ ತಿರುಗುತ್ತಾ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ವಾಷರ್ ಆದರೋ, ನಟ್ಟು ಪೂರ್ತಿ ಬಿಗಿಯುವಷ್ಟರಲ್ಲಿ ಚಪ್ಪಟೆಯಾಗಿ ಮಾಮೂಲಿ ವಾಷರ್‌ನಂತೆ ಆಗಿಬಿಡುತ್ತದೆ.

ಯುಗಾದಿಗೆ ಹೋದಾಗ ಹೇಳಿಯೇಬಿಟ್ಟೆ: "ಅಪ್ಪ, ಇಷ್ಟು ವರ್ಷ ನೀವು ಮಾಡಿದ್ದು ದಂಡ." ಅವರು ಮಾತಾಡಲಿಲ್ಲ.

ಬರುವಾಗ ಎಂಟು ಜೋಡಿ ವೆಜ್ ಲಾಕ್ ವಾಷರ್ ತಂದಿದ್ದೆ. ಬೋಲ್ಟಿನ ತಲೆಗೊಂದು, ನಟ್ಟಿಗೊಂದು ಜೋಡಿ. ಜೋಡಿಯ ಒಳಮುಖದಲ್ಲಿ ಇಳಿಜಾರಿನ ದಪ್ಪ ಹಲ್ಲುಗಳು. ಆ ಇಳಿಜಾರು ಥ್ರೆಡ್ಡಿನದಕ್ಕಿಂತ ಕಡಿದು. ಹೊರಮುಖದ ಸಣ್ಣ ಗೀರುಗಳು ಲೋಹವನ್ನು ಕಚ್ಚಿ ಹಿಡಿಯುತ್ತವೆ. ನಟ್ಟು ಹಿಂದಕ್ಕೆ ತಿರುಗಬೇಕಾದರೆ ಒಂದು ವಾಷರ್ ಇನ್ನೊಂದರ ಇಳಿಜಾರು ಹತ್ತಬೇಕು. ಹತ್ತಿದಷ್ಟೂ ಬೋಲ್ಟು ಬಿಗಿಯುತ್ತದೆ.

ಅಂಟಿಸಿ ಬಂದಿದ್ದ ಮೊದಲ ಜೋಡಿ ಕೈಜಾರಿ ಬಿದ್ದು ಬಿಟ್ಟುಕೊಂಡಿತು. ಅವಸರದಲ್ಲಿ ಉಲ್ಟಾ ಕೂರಿಸಿದೆ. ಅಪ್ಪ ಅದನ್ನು ತೆಗೆದು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು. "ದಪ್ಪ ಹಲ್ಲು ಒಳಗಡೆ ಬರಬೇಕಲ್ವೇನೋ?"

ಬೋಲ್ಟು ಬಿಗಿಯುತ್ತಲೇ ಹೇಳಿದರು: "ಮೆಷಿನ್ ಅಡ್ಡಕ್ಕೆ ಆಡುತ್ತೆ ಅಂತ ನನಗೂ ಗೊತ್ತಿತ್ತು ಕಣೋ. ಆ ವಾಷರನ್ನೇ ನಂಬಿದ್ದಿದ್ರೆ ವಾರವಾರ ಯಾಕೆ ಕೂರ್ತಿದ್ದೆ?"

ನನಗೆ ಉತ್ತರವಿರಲಿಲ್ಲ. ವಾಷರ್ ಯಾಕೆ ಸೋಲುತ್ತದೆ ಎಂದು ಓದಿದ್ದೆ. ಅದು ಸೋತರೂ ಮಿಲ್ಲಿನಲ್ಲಿ ಇಷ್ಟು ವರ್ಷ ಒಂದೇ ಒಂದು ಅನಾಹುತ ಯಾಕೆ ಆಗಲಿಲ್ಲ ಎಂದು ಕೇಳಿಕೊಂಡಿರಲಿಲ್ಲ. ಉತ್ತರದ ಮೇಲೆ ನಾನೇ ಟಾರ್ಚ್ ಬಿಟ್ಟಿದ್ದೆ.

ಕೊನೆಗೆ ಅಪ್ಪ ಪ್ರತಿ ನಟ್ಟಿನಿಂದ ಚೌಕಟ್ಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದರು. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಹೊಸ ವಾಷರನ್ನೂ ಅವರು ಸುಮ್ಮನೆ ನಂಬುವವರಲ್ಲ.

ಈಗಲೂ ಶನಿವಾರ ರಾತ್ರಿ ಫೋನ್ ಮಾಡುತ್ತಾರೆ. "ಗೆರೆ ಹಾಗೇ ಇದೆ" ಎನ್ನುತ್ತಾರೆ. ಅವತ್ತು ದಂಡ ಎಂದದ್ದು ತಪ್ಪಾಯಿತು ಎನ್ನಬೇಕು. ಪ್ರತಿ ವಾರ, "ಊಟ ಆಯ್ತಾ ಅಪ್ಪ?" ಎಂದು ಕೇಳಿ ಇಟ್ಟುಬಿಡುತ್ತೇನೆ.